ಕಡೆದ ಕಲ್ಲು, ಕಲಸಿದ ಕಲ್ಲು

(ಉತ್ಸವದ ಅಂಗವಾಗಿ ಏರ್ಪಟ್ಟಿದ್ದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



 ದೇವರ ಮಹಿಮೆಯನ್ನು ಹೇಳುವ ಯೋಗ್ಯತೆ ಇರುವವರು ಈ ವೇದಿಕೆಯಲ್ಲಿ ಬೇರೆಯವರಿದ್ದಾರೆ. ನಾನು ಹೇಳಬೇಕೆಂದಿರುವುದು ದೇವರ ಮನೆಯನ್ನು ಅಲಂಕರಿಸಿದ ಕೈಗಳ ವಿಷಯ. ಅದರಲ್ಲಿಯೂ ಕಲ್ಲು ಕಡೆದವರ ವಿಷಯವಲ್ಲ, ಕಲ್ಲನ್ನೇ ಕಲಸಿ ಮಾಡಿದವರ ವಿಷಯ. ಸುಣ್ಣ, ಮರಳು, ನೀರು ಸೇರಿಸಿ, ಇಟ್ಟಿಗೆಯ ಮೇಲೆ ಮೆತ್ತಿ, ದ್ವಾರಪಾಲಕರನ್ನೂ ನಂದಿಯನ್ನೂ ಗಂಧರ್ವರನ್ನೂ ಎಬ್ಬಿಸಿ ನಿಲ್ಲಿಸಿದ ಗಾರೆಯವರ ವಿಷಯ.

ಇದನ್ನು ಈಗ ಏಕೆ ಹೇಳಬೇಕು ಎಂದು ನೀವು ಕೇಳಬಹುದು. ಈಚೆಗೆ ಯಾವ ಊರಿಗೆ ಹೋದರೂ ಜೀರ್ಣೋದ್ಧಾರದ ಮಾತು ಕೇಳಿಬರುತ್ತದೆ. ಅದು ಸಂತೋಷದ ಸಂಗತಿ. ಆದರೆ ಆ ಮಾತಿನ ಜೊತೆಗೇ ಇನ್ನೊಂದು ಮಾತೂ ಬರುತ್ತದೆ: "ಗರ್ಭಗುಡಿ ಕಲ್ಲಿನದು, ಅದು ಇರಲಿ. ಮೇಲಿನ ಬೊಂಬೆಗಳು ಬರೀ ಗಾರೆಯವು, ಹಳೆಯದಾಗಿವೆ, ಒಡೆದು ಹೊಸದು ಮಾಡಿಸೋಣ." ಈ 'ಬರೀ ಗಾರೆ' ಎಂಬ ಮಾತಿನ ಮೇಲೆಯೇ ಇಂದಿನ ನನ್ನ ಅರಿಕೆ.

ನಮ್ಮದು ಕಲ್ಲಿನ ನಾಡು. ಊರಿನ ಹೆಸರಿನಲ್ಲಿಯೇ ಕಂಬವಿದೆ. ಒಂದು ಕಾಲಕ್ಕೆ ಇದು ನೊಳಂಬರು ಆಳಿದ ನೊಳಂಬವಾಡಿ. ಅವರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ನಮಗೆ ದೂರವೇನಲ್ಲ. ಕನ್ನಡಿಯಂತೆ ನುಣುಪಾದ ಅಲ್ಲಿನ ಕರಿಕಲ್ಲಿನ ಕಂಬಗಳನ್ನು ನೋಡಿದವರು ಮರೆಯಲಾರರು. ಹಾಗೆಯೇ ಲೇಪಾಕ್ಷಿಯ ಬಸವಣ್ಣ. ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ, ವಿರೂಪಣ್ಣ ಮತ್ತು ಅವನ ಸೋದರ ಲೇಪಾಕ್ಷಿಯ ಗುಡಿಯನ್ನು ಬೆಳೆಸಿದರು. ಇಂತಹ ಕಲ್ಲುಗಳ ನಡುವೆ ಹುಟ್ಟಿ ಬೆಳೆದ ನಮಗೆ ಗಾರೆಯೆಂದರೆ ಅಗ್ಗದ್ದು, ತಾತ್ಕಾಲಿಕವಾದದ್ದು ಎನಿಸುವುದು ಸಹಜ.

ಆದರೆ ಲೇಪಾಕ್ಷಿಯಲ್ಲಿಯೇ ತಲೆ ಎತ್ತಿ ನೋಡಿ. ಮಂಟಪದ ಛಾವಣಿಯಲ್ಲಿ ಇಂದಿಗೂ ನಾವು ಕಾಣುವ ಚಿತ್ರಗಳು ಕಲ್ಲಿನ ಮೇಲೆ ನೇರವಾಗಿ ಬರೆದವಲ್ಲ. ಕಲ್ಲಿಗೆ ಸುಣ್ಣದ ಗಾರೆ ಹಚ್ಚಿ, ಅದನ್ನು ನುಣುಪು ಮಾಡಿ, ಆಮೇಲೆ ಬಣ್ಣ ಬರೆದರು. ಆ ತೆಳುವಾದ ಗಾರೆಯ ಪದರ ಉದುರಿದ ಕಡೆ ಚಿತ್ರವೂ ಹೋಯಿತು. ಉಳಿದ ಕಡೆ ಉಳಿಯಿತು. ಐನೂರು ವರ್ಷದ ಚಿತ್ರವನ್ನು ಹಿಡಿದುಕೊಂಡಿರುವುದು ಆ 'ಬರೀ ಗಾರೆ'ಯೇ.

ಶಾಸ್ತ್ರದ ಮಾತಿಗೆ ಬರೋಣ. ದೇವರು ಕಲ್ಲಿನಲ್ಲಿ ಮಾತ್ರ ನೆಲೆಸುತ್ತಾನೆಂದು ನಮ್ಮ ಹಿರಿಯರು ಎಲ್ಲಿಯೂ ಹೇಳಲಿಲ್ಲ. ಶ್ರೀಮದ್ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಭಗವಂತನು ಉದ್ಧವನಿಗೆ ಪೂಜಾವಿಧಾನವನ್ನು ಹೇಳುವಾಗ ಎಂಟು ಬಗೆಯ ಪ್ರತಿಮೆಗಳನ್ನು ಎಣಿಸುತ್ತಾನೆ. ಕಲ್ಲು, ಮರ, ಲೋಹ, ಲೇಪ್ಯ, ಚಿತ್ರ, ಮರಳು, ಮನಸ್ಸು, ರತ್ನ ಎಂದು. ನಾಲ್ಕನೆಯದಾದ ಲೇಪ್ಯವೇ ಮೆತ್ತಿ ಮಾಡಿದ ಪ್ರತಿಮೆ. ಕಲ್ಲು ಮೊದಲ ಹೆಸರು ನಿಜ. ಆದರೆ ಲೇಪ್ಯವೂ ಅದೇ ಪಟ್ಟಿಯಲ್ಲಿದೆ.

ಪಟ್ಟಿಯಲ್ಲಿ ಇದ್ದುದು ಮಾತ್ರವಲ್ಲ, ನಡೆದು ಬಂದದ್ದೂ ಹೌದು. ಶ್ರೀರಂಗದಲ್ಲಿ ಶೇಷಶಯನನಾಗಿ ಪವಡಿಸಿರುವ ರಂಗನಾಥನ ಮೂಲಮೂರ್ತಿ ಕಲ್ಲಿನದಲ್ಲ, ಸುದೆಯದು. ತಮಿಳಿನವರು 'ಸುದೈ' ಎನ್ನುತ್ತಾರೆ. ಸಂಸ್ಕೃತದ ಸುಧಾ, ಅಂದರೆ ಸುಣ್ಣದ ಗಾರೆ. ನೋಡಿ, ಅದೇ 'ಸುಧಾ' ಎಂಬ ಶಬ್ದಕ್ಕೆ ಅಮೃತವೆಂಬ ಅರ್ಥವೂ ಉಂಟು! ಆ ಮೂರ್ತಿಗೆ ನೀರಿನ ಅಭಿಷೇಕವಿಲ್ಲ. ತೈಲಕಾಪು ಎಂಬ ಸುಗಂಧ ತೈಲದ ಲೇಪನ ಮಾಡಿ ಕಾಪಾಡಿಕೊಂಡು ಬಂದಿದ್ದಾರೆ. ಅಭಿಷೇಕವೆಲ್ಲ ಉತ್ಸವಮೂರ್ತಿಗೆ. ತಿರುವನಂತಪುರದ ಅನಂತಪದ್ಮನಾಭನ ಮೂರ್ತಿಯೂ ಹೀಗೆಯೇ. ಹದಿನೆಂಟನೆಯ ಶತಮಾನದಲ್ಲಿ ಮಾರ್ತಾಂಡವರ್ಮ ಮಹಾರಾಜರು ಆ ಗುಡಿಯನ್ನು ಪುನಃ ಕಟ್ಟಿಸಿದಾಗ, ಗಂಡಕಿ ನದಿಯಿಂದ ತಂದ 12,008 ಸಾಲಿಗ್ರಾಮಗಳನ್ನು ಒಳಗಿರಿಸಿ, ಕಟುಶರ್ಕರಯೋಗವೆಂಬ ಮಿಶ್ರಣದಿಂದ ಮೂರ್ತಿಯನ್ನು ರೂಪಿಸಿದರೆಂದು ಪರಂಪರೆ ಹೇಳುತ್ತದೆ. ಕೋಟಿ ಕೋಟಿ ಭಕ್ತರು ತಲೆಬಾಗುವ ಈ ಎರಡು ಮೂರ್ತಿಗಳನ್ನೂ ಮಾಡಿದ್ದು ಉಳಿಯಿಂದಲ್ಲ, ಬೆರಳಿನಿಂದ. ಇನ್ನು ಗಾರೆಯನ್ನು ಕೀಳೆನ್ನುವುದು ಹೇಗೆ?

ಈಗ ಗಾರೆ ಎಂದರೇನು ಎಂದು ಸ್ವಲ್ಪ ಬಿಡಿಸಿ ನೋಡೋಣ. ನಾವು ಗಾರೆ, ಗಚ್ಚು ಎನ್ನುತ್ತೇವೆ. ತೆಲುಗಿನಲ್ಲಿ ಡಂಗುಸುನ್ನಂ ಎನ್ನುತ್ತಾರೆ. ಸುಣ್ಣದ ಕಲ್ಲನ್ನು, ಇಲ್ಲವೆ ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳನ್ನು ಗೂಡಿನಲ್ಲಿ ಸುಡುತ್ತಾರೆ. ಸುಮಾರು 900 ಡಿಗ್ರಿ ಶಾಖಕ್ಕೆ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ, ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ ಉರುಳಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಬಿಲ್ವದ ಕಾಯಿಯ ಅಂಟು, ಇವನ್ನು ಆಯಾ ಸೀಮೆಯ ಪದ್ಧತಿಯಂತೆ ಸೇರಿಸುತ್ತಿದ್ದರು. ಬೆಲ್ಲ ಹಾಕಿದ್ದು ಸುಮ್ಮನೆ ಅಲ್ಲ. ಸಿಹಿಯ ಅಂಶ ಸುಣ್ಣವನ್ನು ಚೆನ್ನಾಗಿ ಕರಗಿಸಿ ಗಾರೆಗೆ ಹದವನ್ನೂ ಬಿಗಿಯನ್ನೂ ಕೊಡುತ್ತದೆ.

ಆಮೇಲೆ ನಡೆಯುವುದೇ ಮುಖ್ಯ. ಗೋಡೆಗೆ ಹಚ್ಚಿದ ಗಾರೆ ಗಾಳಿಯಿಂದ ಅದೇ ಇಂಗಾಲದ ಡೈ ಆಕ್ಸೈಡನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮೇಲಿನಿಂದ ಒಳಕ್ಕೆ, ನಿಧಾನವಾಗಿ, ವರ್ಷಗಟ್ಟಲೆ. ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ಮರಳಿ ಪಡೆದು ಸುಣ್ಣ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಆದ್ದರಿಂದ ಗಾರೆಯ ಬೊಂಬೆ ಕಲ್ಲಿನಂತೆ ಕಾಣುವ ಬೇರೆ ವಸ್ತುವಲ್ಲ. ಅದು ಕಲ್ಲಾಗಿದ್ದು, ಮಣ್ಣಿನಂತೆ ಮೆತ್ತಗಾಗಿ, ಮನುಷ್ಯನ ಬೆರಳಿಗೆ ಒಲಿದು, ಮತ್ತೆ ಕಲ್ಲಾದದ್ದು. ಇದು ನನ್ನ ಅಲಂಕಾರದ ಮಾತಲ್ಲ, ರಸಾಯನ ಶಾಸ್ತ್ರದ ಮಾತು.

ಗಾರೆಯವನ ಕೆಲಸ ಕಲ್ಲುಕುಟಿಗನ ಕೆಲಸಕ್ಕಿಂತ ಸುಲಭವೆಂದು ತಿಳಿಯಬೇಡಿ. ಶಿಲ್ಪಿ ಬೇಡದ್ದನ್ನು ತೆಗೆಯುತ್ತ ಹೋಗುತ್ತಾನೆ. ಗಾರೆಯವನು ಬೇಕಾದ್ದನ್ನು ಸೇರಿಸುತ್ತ ಹೋಗುತ್ತಾನೆ. ಒಳಗೆ ಇಟ್ಟಿಗೆಯ ಒಡಲು, ಅದರ ಮೇಲೆ ದೊರಗು ಗಾರೆ, ಅದು ಬಿಗಿದ ಮೇಲೆ ನಯ ಗಾರೆ, ಕೊನೆಗೆ ಕಣ್ಣು, ತುಟಿ, ಆಭರಣ. ಗಾರೆ ಒಣಗುವುದರೊಳಗೆ ಮುಖಕ್ಕೆ ಭಾವ ಬರಬೇಕು. ಅದೂ ಎಲ್ಲಿ? ನೆಲದ ಮೇಲಲ್ಲ, ಗೋಪುರದ ಎತ್ತರದಲ್ಲಿ, ಬಿದಿರಿನ ಸಾರುವೆಯ ಮೇಲೆ ನಿಂತು, ಕೆಳಗಿನಿಂದ ನೋಡುವ ಭಕ್ತನ ಕಣ್ಣಿಗೆ ಸರಿಕಾಣುವಂತೆ ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ ಮಾಡಬೇಕು.

ಇಂಥವರ ಕೆಲಸ ಎಷ್ಟು ಕಾಲ ನಿಂತೀತು? ಹಂಪೆಗೆ ಹೋಗಿ ಬಂದವರು ಕೃಷ್ಣ ದೇವಾಲಯವನ್ನು ನೆನೆಸಿಕೊಳ್ಳಿ. ಉದಯಗಿರಿಯನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು ಕೃಷ್ಣದೇವರಾಯನು 1515ರಲ್ಲಿ ಆ ಗುಡಿಯಲ್ಲಿ ಪ್ರತಿಷ್ಠೆ ಮಾಡಿಸಿದನು. ಅದರ ಪೂರ್ವದ ಗೋಪುರದ ಮೇಲೆ ಆ ಯುದ್ಧದ ಕುದುರೆ, ಆನೆ, ಗುರಾಣಿ ಹಿಡಿದ ಸೈನಿಕರನ್ನು ಗಾರೆಯಲ್ಲಿ ಮಾಡಿದರು. ಈಗ ಆ ಕಲ್ಲಿನ ಬಾಲಕೃಷ್ಣ ಎಲ್ಲಿದ್ದಾನೆ? ಮದರಾಸಿನ, ಅಂದರೆ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿ. ಗರ್ಭಗುಡಿ ಬರಿದಾಯಿತು. ಗೋಪುರದ ಗಾರೆಯ ಸೈನಿಕರಲ್ಲಿ ಅಳಿದವರು ಅಳಿದು, ಉಳಿದವರು ಮಾತ್ರ ಇಂದಿಗೂ ಅದೇ ಗೋಡೆಯ ಮೇಲೆ ಇದ್ದಾರೆ.

ನಮ್ಮ ಸೀಮೆಯ ಕಥೆಯೂ ಇದೇ. ನೊಳಂಬರ ಸುಂದರವಾದ ಕಂಬಗಳನ್ನು ಗೆದ್ದ ಚೋಳರು ಕಾವೇರಿ ತೀರಕ್ಕೆ ಸಾಗಿಸಿಕೊಂಡು ಹೋದರು. ತಿರುವಯ್ಯಾರಿನ ಗುಡಿಯಲ್ಲಿ ಅವು ಇಂದಿಗೂ ನಿಂತಿವೆ ಎಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಕಡೆದ ಕಲ್ಲನ್ನು ಗೆದ್ದವರು ಹೊತ್ತುಕೊಂಡು ಹೋಗಬಹುದು. ಗಾರೆಯ ಬೊಂಬೆಯನ್ನು ಹೊತ್ತುಕೊಂಡು ಹೋಗಲಾಗದು. ಅದು ಹುಟ್ಟಿದ ಗೋಡೆಯಲ್ಲೇ ಬಾಳಬೇಕು, ಅಲ್ಲೇ ಅಳಿಯಬೇಕು. ಅದನ್ನು ಕದಿಯುವ ಕಳ್ಳನಿಲ್ಲ. ಅದಕ್ಕೆ ಅಪಾಯವೇನಿದ್ದರೂ ಊರಿನವರಾದ ನಮ್ಮಿಂದಲೇ. ಈ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಕಲ್ಲನ್ನು ಕಲಸಿ ಮಾಡುವ ವಿದ್ಯೆ ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಇಂಗ್ಲೆಂಡಿನ ಒಂದು ಸಂಗತಿಯನ್ನು ಹೇಳುತ್ತೇನೆ; ಅದರಲ್ಲಿ ನಮಗೊಂದು ಪಾಠವಿದೆ. ಲಂಡನ್ನಿನ ಲ್ಯಾಂಬೆತ್ ಎಂಬಲ್ಲಿ 1769ರಲ್ಲಿ ಎಲಿನಾರ್ ಕೋಡ್ ಎಂಬ ಅವಿವಾಹಿತ ಮಹಿಳೆಯೊಬ್ಬಳು ಕೃತಕ ಶಿಲೆಯ ಕಾರ್ಖಾನೆಯನ್ನು ವಹಿಸಿಕೊಂಡಳು. ಅಲ್ಲಿನ ಶ್ರೀಮಂತರು ತಮ್ಮ ಉದ್ಯಾನವನಗಳಲ್ಲಿ ನಿಲ್ಲಿಸುತ್ತಿದ್ದ ದೇವತೆಗಳು, ಸಿಂಹಗಳು, ಹೂದಾನಿಗಳು ಅವಳಲ್ಲಿ ತಯಾರಾಗುತ್ತಿದ್ದವು. ಅದು ಸುಣ್ಣದ್ದಲ್ಲ, ಸುಟ್ಟ ಮಣ್ಣಿನದು. ನುಣ್ಣನೆಯ ಬಿಳಿಯ ಜೇಡಿ, ಅದಕ್ಕೆ ಮೊದಲೇ ಸುಟ್ಟು ಪುಡಿಮಾಡಿದ ಮಣ್ಣು, ಚಕಮಕಿ ಕಲ್ಲಿನ ಪುಡಿ, ಮರಳು, ಗಾಜಿನ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕೈಯಿಂದ ತಿದ್ದಿ, ಸುಮಾರು 1100 ಡಿಗ್ರಿ ಶಾಖದಲ್ಲಿ ನಾಲ್ಕು ದಿನ ಬಿಡದೆ ಸುಡುತ್ತಿದ್ದರು. ಜಾನ್ ಬೇಕನ್ ಎಂಬ ಹೆಸರಾಂತ ಶಿಲ್ಪಿ ಅವಳಿಗಾಗಿ ಮಾದರಿಗಳನ್ನು ಮಾಡಿಕೊಟ್ಟನು. ಅವಳು 1821ರಲ್ಲಿ ತೀರಿಕೊಂಡಳು. ಆಮೇಲೆ ಹೆಚ್ಚು ಕಾಲ ಕಾರ್ಖಾನೆ ನಡೆಯಲಿಲ್ಲ. ಆದರೆ 1837ರಲ್ಲಿ ಅದೇ ಕೃತಕ ಶಿಲೆಯಿಂದ ಮಾಡಿದ ದೊಡ್ಡ ಸಿಂಹವೊಂದು ಲಂಡನ್ನಿನ ಹೊಗೆ, ಮಂಜು, ಮಳೆಯನ್ನೆಲ್ಲ ತಡೆದುಕೊಂಡು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ಇಂದಿಗೂ ನಿಂತಿದೆ. ಅದರ ಹತ್ತಿರದ ನಿಜವಾದ ಕಲ್ಲುಗಳೇ ಸವೆದರೂ ಅದು ಸವೆಯಲಿಲ್ಲ ಎನ್ನುತ್ತಾರೆ.

ಪಾಠ ಯಾವುದೆಂದರೆ, ಆ ಹೆಣ್ಣುಮಗಳು ತನ್ನ ಕಾರ್ಖಾನೆಯ ಬೊಂಬೆಗಳ ಮೇಲೆ ತನ್ನ ಮನೆತನದ ಹೆಸರನ್ನು ಒತ್ತಿಸುತ್ತಿದ್ದಳು. ಎಷ್ಟೋ ಬೊಂಬೆಗಳಿಗೆ ವರ್ಷವನ್ನೂ ಹಾಕಿಸಿದಳು. ಅದರಿಂದಲೇ ಇನ್ನೂರೈವತ್ತು ವರ್ಷಗಳ ಮೇಲೂ ಇದು ಇಂಥವರದು, ಇಂಥ ಕಾಲದ್ದು ಎಂದು ಜನ ಗುರುತಿಸಿ ಕಾಪಾಡುತ್ತಿದ್ದಾರೆ. ನಮ್ಮಲ್ಲಿ ಕಲ್ಲಿನ ಶಿಲ್ಪಿಗಳು ಹೀಗೆ ಮಾಡಿದ್ದುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಆದರೆ ಗಾರೆಯವನ ಹೆಸರು? ಕಲ್ಲಿನಲ್ಲಿ ಅಕ್ಷರ ಕೊರೆದರೆ ನಿಲ್ಲುತ್ತದೆ. ಗಾರೆಯ ಮೇಲೆ ಹನ್ನೆರಡು ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತೇವೆ, ಬಣ್ಣ ಬಳಿಯುತ್ತೇವೆ. ಬರೆದಿದ್ದರೂ ಅದು ಎಂದೋ ಮುಚ್ಚಿಹೋಯಿತು. ದಾನ ಕೊಟ್ಟವರ ಹೆಸರು ಚಪ್ಪಡಿಯ ಮೇಲೆ, ಗೋಪುರ ಮಾಡಿದವನ ಹೆಸರು ಎಲ್ಲಿಯೂ ಇಲ್ಲ.

ಇನ್ನು ಸಿಮೆಂಟಿನ ಮಾತು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಅಲ್ಲಿನ ಪೋರ್ಟ್‌ಲೆಂಡ್ ಎಂಬ ಕಟ್ಟಡದ ಕಲ್ಲಿನಂತೆ ಕಾಣುತ್ತದೆಂದು ಅದಕ್ಕೆ ಆ ಹೆಸರು. ಅಂದರೆ ಸಿಮೆಂಟೂ ಹುಟ್ಟಿದ್ದು ಕೃತಕ ಶಿಲೆಯೆಂದೇ. ಅದನ್ನು ನಾನು ಹಳಿಯುವುದಿಲ್ಲ. ಮುರುಡೇಶ್ವರದ ಸಮುದ್ರತೀರದಲ್ಲಿ 123 ಅಡಿ ಎತ್ತರದ ಶಿವನು ಕುಳಿತಿರುವುದು ಸಿಮೆಂಟ್ ಕಾಂಕ್ರೀಟಿನ ಬಲದಿಂದಲೇ. ಶಿವಮೊಗ್ಗದ ಶಿಲ್ಪಿ ಕಾಶಿನಾಥರು ಅದನ್ನು ರೂಪಿಸಿದರು. ಅಷ್ಟು ದೊಡ್ಡ ಮೂರ್ತಿಯನ್ನು ಕಲ್ಲಿನಲ್ಲಿ ಕಡೆಯುವುದು ಸಾಧ್ಯವಿತ್ತೇ? ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ಅವರು ಉತ್ಸವ ರಾಕ್ ಗಾರ್ಡನ್ ಎಂಬ ಉದ್ಯಾನವನ್ನೇ ನಿರ್ಮಿಸಿದರು. ಉಳುವ ರೈತ, ಬೀಸುವ ತಾಯಿ, ಗರಡಿಯ ಪೈಲ್ವಾನ, ಸಂತೆಯ ಗದ್ದಲ, ಹೀಗೆ ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಅಲ್ಲಿ ಸಿಮೆಂಟಿನಲ್ಲಿ ನಿಂತಿದೆ. ಮಾತನಾಡಿಸಬೇಕೆನಿಸುವಷ್ಟು ಜೀವಕಳೆ. ಸಿಮೆಂಟೂ ಬಲ್ಲವನ ಕೈಯಲ್ಲಿ ಬಂಗಾರ.

ಆದರೆ ಸಿಮೆಂಟಿಗೂ ಒಂದು ಸ್ವಭಾವವಿದೆ, ಸುಣ್ಣದ ಗಾರೆಗೂ ಒಂದು ಸ್ವಭಾವವಿದೆ. ಎರಡನ್ನೂ ಅರಿಯದೆ ಸೇರಿಸಿದರೆ ಕೇಡು. ಸುಣ್ಣದ ಗಾರೆ ಉಸಿರಾಡುತ್ತದೆ. ಗೋಡೆಯೊಳಗೆ ಹೋದ ತೇವ ಅದರ ಮೂಲಕ ಹೊರಗೆ ಬರುತ್ತದೆ. ಬಿಸಿಲಿಗೆ ಹಿಗ್ಗಿದರೂ ಸಣ್ಣ ಬಿರುಕನ್ನು ತಾನೇ ತುಂಬಿಕೊಳ್ಳುವ ಗುಣ ಅದಕ್ಕಿದೆ. ಸಿಮೆಂಟು ಗಡಸು, ಬಿಗಿ. ತೇವವನ್ನು ಸುಲಭವಾಗಿ ಹೊರಗೆ ಬಿಡದು. ಹಳೆಯ ಗಾರೆಯ ಮೇಲೆ ಸಿಮೆಂಟ್ ಬಳಿದರೆ ನೀರು ಹಿಂದೆ ನಿಂತು, ಉಪ್ಪು ಸೇರಿ, ಹಳೆಯ ಗಾರೆ ಒಳಗೇ ಪುಡಿಯಾಗುತ್ತದೆ. ಒಂದು ದಿನ ಹೊಸದೂ ಹಳೆಯದೂ ಒಟ್ಟಿಗೆ ಕಳಚಿ ಬೀಳುತ್ತವೆ. ಎಣ್ಣೆಬಣ್ಣದ್ದೂ ಇದೇ ದೋಷ. ಸಿಮೆಂಟಿನ ಬೊಂಬೆಯೊಳಗಿನ ಕಬ್ಬಿಣದ ಸರಳಿಗೆ ನೀರು ತಾಗಿದರೆ ತುಕ್ಕು ಹಿಡಿದು ಊದುತ್ತದೆ. ಊದಿದ ಕಬ್ಬಿಣ ದೇವರ ಕೈಯನ್ನೇ ಸೀಳುತ್ತದೆ. ಅನಂತಪುರ ಸೀಮೆ ದೇಶದಲ್ಲಿಯೇ ಬಹಳ ಕಡಿಮೆ ಮಳೆ ಬೀಳುವ ಪ್ರದೇಶ. ಬರವೆಂದು ನಾವು ಕೊರಗುತ್ತೇವೆ. ಆದರೆ ಗಾರೆಯ ಪಾಲಿಗೆ ಆ ಬರವೇ ವರ. ಮಲೆನಾಡಿನಲ್ಲಿ ಪಾಚಿ ಹಿಡಿದು ಕರಗುವ ಕೆಲಸ ಇಲ್ಲಿ ನೂರಾರು ವರ್ಷ ನಿಲ್ಲುತ್ತದೆ, ನಾವು ಕೈಯಿಡದೆ ಇದ್ದರೆ.

ಇನ್ನೊಂದು ವ್ಯತ್ಯಾಸವೂ ಇದೆ. ಈಗ ಹೆದ್ದಾರಿಯ ಬದಿಯಲ್ಲಿ ಸಾಲಾಗಿ ಇಟ್ಟು ಮಾರುವ ಜಿಂಕೆ, ಕೊಕ್ಕರೆ, ಸಿಂಹ, ಗಣಪತಿ ಎಲ್ಲ ಅಚ್ಚಿನಿಂದ ಬಂದವು. ತೋಟಕ್ಕೆ, ಮನೆಯ ಮುಂದಿನ ಅಂಗಳಕ್ಕೆ ಅವು ಚೆಂದ. ಅವನ್ನು ಮಾಡುವ ಬಡ ಕುಟುಂಬಗಳ ಹೊಟ್ಟೆಪಾಡೂ ಅದೇ. ಅವರನ್ನು ಕಂಡರೆ ನನಗೆ ಗೌರವ. ಆದರೆ ಅಚ್ಚಿನ ನಂದಿ ಕಂಬದೂರಿನಲ್ಲಿಯೂ ಅದೇ, ಕಲ್ಯಾಣದುರ್ಗದಲ್ಲಿಯೂ ಅದೇ, ಹಿಂದೂಪುರದಲ್ಲಿಯೂ ಅದೇ. ಹಳೆಯ ಗಾರೆಯ ನಂದಿ ಹಾಗಲ್ಲ. ಒಂದರ ಮೂತಿ ಕೊಂಚ ಮೇಲೆ, ಒಂದರ ಕಿವಿ ಕೊಂಚ ದೊಡ್ಡದು. ಆ ಊರಿನ ಎತ್ತನ್ನು ನೋಡಿ ಆ ಊರಿನಲ್ಲಿಯೇ ತಿಂಗಳುಗಟ್ಟಲೆ ಉಳಿದು, ಊರವರ ಮನೆಯ ಅನ್ನ ಉಂಡು ಮಾಡಿದವನ ಕೈಗುರುತು ಅದು. ಅದನ್ನು ಒಡೆದರೆ ಮತ್ತೆ ಮಾಡುವವರಿಲ್ಲ. ಗಾಣವಿಲ್ಲ, ಸುಣ್ಣದ ಗೂಡು ಅಪರೂಪ, ಕಲಿತವರು ಬೆರಳೆಣಿಕೆ.

ಆದ್ದರಿಂದ ಸಮಿತಿಯವರ ಮುಂದೆಯೂ ಭಕ್ತರ ಮುಂದೆಯೂ ಕೆಲವು ವಿನಂತಿಗಳನ್ನು ಇಡುತ್ತೇನೆ. ಇವು ನಮ್ಮೂರಿಗೆ ಮಾತ್ರವಲ್ಲ, ನಿಮ್ಮ ನಿಮ್ಮ ಊರಿನ ಗುಡಿಗಳಿಗೂ ಅನ್ವಯಿಸುವಂಥವು.

ಮೊದಲನೆಯದು, ಒಡೆಯುವ ಮುಂಚೆ ನೋಡಿ. ಬಣ್ಣದ ಪದರಗಳ ಕೆಳಗೆ ಏನಿದೆ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಎಷ್ಟೋ ಕಡೆ ಮೊಂಡಾಗಿ ಕಾಣುವ ಮುಖ ನಿಜವಾಗಿ ಮೊಂಡಾಗಿರುವುದಿಲ್ಲ. ಹತ್ತು ಸಲ ಬಳಿದ ಬಣ್ಣದ ಅಡಿಯಲ್ಲಿ ಕಣ್ಣು ಮೂಗು ಹಾಗೆಯೇ ಇರುತ್ತವೆ.

ಎರಡನೆಯದು, ಸುಣ್ಣದ ಕೆಲಸಕ್ಕೆ ಸುಣ್ಣದಿಂದಲೇ ದುರಸ್ತಿ. ಒಂದು ಬೆರಳು ಹೋಗಿದ್ದರೆ ಬೆರಳನ್ನೇ ಮಾಡಿಸಿ, ಇಡೀ ಮೂರ್ತಿಯನ್ನಲ್ಲ. ಖರ್ಚೂ ಕಡಿಮೆ.

ಮೂರನೆಯದು, ಕಾನೂನು. ಸಂರಕ್ಷಿತ ಸ್ಮಾರಕವೆಂದು ಸರ್ಕಾರ ಘೋಷಿಸಿದ ಗುಡಿಗಳಲ್ಲಿ 1958ರ ಕಾಯ್ದೆಯ ಪ್ರಕಾರ ಪುರಾತತ್ತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ನಾವಾಗಿ ಕೆಡವುವುದಾಗಲಿ, ಬಳಿಯುವುದಾಗಲಿ ಕೂಡದು. ಭಕ್ತಿಯಿಂದ ಮಾಡಿದೆವು ಎಂದರೆ ಅದು ಉತ್ತರವಾಗದು.

ನಾಲ್ಕನೆಯದು, ಹೆಸರು. ಮುಂದೆ ಯಾವ ಕೆಲಸ ಮಾಡಿಸಿದರೂ, ಅದು ಕಲ್ಲಿನದಾಗಲಿ, ಗಾರೆಯದಾಗಲಿ, ಸಿಮೆಂಟಿನದಾಗಲಿ, ದಾನಿಗಳ ಹೆಸರಿನ ಪಕ್ಕದಲ್ಲಿ ಕೆಲಸ ಮಾಡಿದವರ ಹೆಸರು, ಊರು, ವರ್ಷ, ಯಾವ ವಸ್ತುವನ್ನು ಯಾವ ಪ್ರಮಾಣದಲ್ಲಿ ಕಲಸಿದರು ಎಂಬುದನ್ನು ಒಂದು ಕಲ್ಲಿನ ಮೇಲೆ ಕೊರೆಸಿಡಿ. ಇಂತಹ ಸ್ಮರಣ ಸಂಚಿಕೆಯಲ್ಲಿಯೂ ಅದಕ್ಕೆ ಅರ್ಧ ಪುಟ ಮೀಸಲಿಡಿ. ನೂರು ವರ್ಷದ ಮೇಲೆ ದುರಸ್ತಿ ಮಾಡುವವನಿಗೆ ಅದು ದಾರಿದೀಪ.

ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣೆ ಮಾಡಿ ದೇವರ ಸಾನ್ನಿಧ್ಯವನ್ನು ಕುಂಭಕ್ಕೆ ತಂದು ಬಾಲಾಲಯದಲ್ಲಿ ಇರಿಸುತ್ತೇವಷ್ಟೆ. ಕೆಲಸ ಮುಗಿದ ಮೇಲೆ ಮತ್ತೆ ಮೂರ್ತಿಗೆ ಆವಾಹನೆ. ದೇವರು ಹಿಂತಿರುಗಿ ಬರುತ್ತಾನೆ, ಅದರಲ್ಲಿ ಸಂದೇಹವಿಲ್ಲ. ಆದರೆ ಗಾರೆಯವನ ಕೈಗೆಲಸವನ್ನು ಇರಿಸಲು ಕುಂಭವಿಲ್ಲ, ಅದಕ್ಕೆ ಬಾಲಾಲಯವಿಲ್ಲ. ಒಮ್ಮೆ ಹೋದರೆ ಹೋಯಿತು. ಹೊಸ ಗುಡಿ ಕಟ್ಟುವುದಕ್ಕಿಂತ ಹಳೆಯದನ್ನು ಉಳಿಸುವುದು ದೊಡ್ಡ ಪುಣ್ಯವೆಂದು ಹಿರಿಯರು ಹೇಳಿದ್ದು ಇದನ್ನು ಅರಿತೇ ಇರಬೇಕು.

ಇಂದು ರಾತ್ರಿ ಪ್ರಸಾದ ಸ್ವೀಕರಿಸಿ ಊರಿಗೆ ಮರಳಿದ ಮೇಲೆ, ನಾಳೆ ಬೆಳಗ್ಗೆ ನಿಮ್ಮೂರ ಗುಡಿಯ ಮುಂದೆ ನಿಂತು ಒಮ್ಮೆ ತಲೆ ಎತ್ತಿ ನೋಡಿ. ಒಳಗಿರುವ ಸ್ವಾಮಿಗೆ ಕೈಮುಗಿಯುವ ಮೊದಲು, ಮೇಲೆ ಬಿಸಿಲಿನಲ್ಲಿ ನಿಂತಿರುವ ಆ ಗಾರೆಯ ಮೂರ್ತಿಗಳನ್ನು ಎಣಿಸಿ ಬನ್ನಿ. ಎಷ್ಟಿವೆ ಎಂದು ತಿಳಿದವರು ಅವುಗಳಲ್ಲಿ ಒಂದು ಕಡಿಮೆಯಾದರೂ ಕೇಳುತ್ತಾರೆ. ಕೇಳುವವರಿದ್ದ ಊರಿನಲ್ಲಿ ಯಾವುದೂ ಸುಮ್ಮನೆ ಹಾಳಾಗುವುದಿಲ್ಲ.